ಧನರಾಜ್ ನೋಡಿ ಕೊಟ್ಟ ವಿಡಿಯೊ

ನಲವತ್ತೆಂಟು ವರ್ಷ ತುಂಬುವವರೆಗೆ ಗುರುವಾಯನಕೆರೆಯ ಧನರಾಜನಿಗೆ ಹೊಟ್ಟೆಕಿಚ್ಚಿನ ಪರಿಚಯ ಇರಲಿಲ್ಲ. ಇರಲು ಕಾರಣವೂ ಇರಲಿಲ್ಲ. ಮದುವೆ ವಿಡಿಯೊ ಎಂದರೆ ಧನರಾಜ್ ಎನ್ನುವ ಕಾಲವೊಂದಿತ್ತು. ಬೆಳ್ತಂಗಡಿಯಿಂದ ಬಂಟ್ವಾಳದ ತನಕ ಯಾವ ಮನೆಗೆ ಯಾರು ಹಿರಿಯರು, ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆ, ಎಲ್ಲವೂ ಅವನಿಗೆ ಬಾಯಿಪಾಠ. ಅಳಿಯಕಟ್ಟಿನ ಮನೆಗಳಲ್ಲಿ ಮನೆತನ ಬರುವುದು ತಾಯಿಯಿಂದ, ಯಜಮಾನಿಕೆ ತಾಯಿಯ ಅಣ್ಣನದು. ಅಲ್ಲಿ ವಿಡಿಯೊದಲ್ಲಿ ಅಪ್ಪ ಕಾಣದಿದ್ದರೂ ನಡೆದೀತು, ಸೋದರಮಾವ ಕಾಣದಿದ್ದರೆ ವಿಡಿಯೊದವನಿಗೆ ಊಟ ಸಿಕ್ಕುವುದೇ ಕಷ್ಟ. ಇದನ್ನು ತಿಳಿಯದ ಹೊಸ ಹುಡುಗರು ಬೈಸಿಕೊಂಡು ಹೋದಷ್ಟೂ ಧನರಾಜನ ಬೆಲೆ ಏರುತ್ತಿತ್ತು.

ಇದೇ ಕಾರಣಕ್ಕೆ ಹನ್ನೊಂದು ವರ್ಷದ ಹಿಂದೆ ಮೂಡುಬಿದಿರೆ ಹತ್ತಿರದ ಒಂದು ವಿಶ್ವವಿದ್ಯಾಲಯ ಅವನನ್ನು ಕರೆದು ಕೆಲಸ ಕೊಟ್ಟಿತು. ದಾನಿಗಳ ವಿಭಾಗಕ್ಕೆ ವಿಡಿಯೊ ಮಾಡುವ ಕೆಲಸ. ಮಸ್ಕತ್ತಿನಲ್ಲೋ ಮುಂಬೈಯಲ್ಲೋ ಹೋಟೆಲು ನಡೆಸುವ ಊರಿನವರು ಬಡ ಮಕ್ಕಳ ಫೀಸು ಕಟ್ಟುತ್ತಾರೆ, ಮಕ್ಕಳು ಕ್ಯಾಮೆರಾದ ಎದುರು ನಿಂತು ಧನ್ಯವಾದ ಹೇಳುತ್ತಾರೆ, ನೋಡಿದವರು ಇನ್ನಷ್ಟು ಕೊಡುತ್ತಾರೆ. ಧನರಾಜ್ ಮಕ್ಕಳಿಗೆ ಮಾತು ಬರೆದು ಕೊಡುತ್ತಿದ್ದ. “ಮಾನ್ಯ ದಾನಿಗಳೇ, ತಮ್ಮ ಉದಾರ ನೆರವಿನಿಂದ...” ಎಂದು ಅವು ಕೈಕಟ್ಟಿ ಒಪ್ಪಿಸುತ್ತಿದ್ದವು. ಕೊನೆಗೆ ಡ್ರೋನ್ ಮೇಲಕ್ಕೇರಿ ಕಟ್ಟಡ ತೋರಿಸುತ್ತಿತ್ತು. ಇದಕ್ಕಿಂತ ಚೆಂದ ಇನ್ನೇನಿದೆ ಎಂದು ಅವನು ನಂಬಿದ್ದ, ಬೇರೆಯವರೂ ನಂಬಿದ್ದರು.

ಆಮೇಲೆ ಅದೇ ವಿಭಾಗಕ್ಕೆ ವಿಸ್ಮಿತಾ ಬಂದಳು. ಚಾರ್ಮಾಡಿ ಕಡೆಯ ಗುಡ್ಡದ ಮೇಲೆ ರಬ್ಬರ್ ಬೆಳೆಯುವ ಮನೆಯ ಹುಡುಗಿ, ಓದು ಮುಗಿಸಿ ಆರು ತಿಂಗಳಾಗಿತ್ತಷ್ಟೆ. ಬಂದ ವಾರವೇ ಒಬ್ಬ ವಿದ್ಯಾರ್ಥಿನಿಯ ಮನೆಗೆ ಹೋಗಿ ಅವಳ ತಾಯಿ ಮೋಹಿನಿಯನ್ನು ಅಡುಗೆಮನೆಯಲ್ಲೇ ಚಿತ್ರೀಕರಿಸಿಕೊಂಡು ಬಂದಳು. ಬರೆದು ಕೊಟ್ಟ ಮಾತಿಲ್ಲ, ಡ್ರೋನಿಲ್ಲ. ಮೋಹಿನಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ತುಳುವಿನಲ್ಲಿ, ಆ ಪುಣ್ಯಾತ್ಮರ ಮುಖ ನಾನು ನೋಡಿಲ್ಲ, ಗಂಜಿಗೆ ಅಕ್ಕಿ ಹಾಕುವಾಗ ನೆನಪಾಗುತ್ತದೆ ಎಂದಳು. ಅಷ್ಟೇ. ಮಸ್ಕತ್ತಿನ ದಾನಿ ಫೋನಿನಲ್ಲೇ ಅತ್ತುಬಿಟ್ಟರಂತೆ.

“ಧನರಾಜ್, ನೀವೂ ಸ್ವಲ್ಪ ನೋಡಿ ಮಾರಾಯ್ರೆ, ಹೀಗೆ ಮಾಡ್ಲಿಕ್ಕೆ ಆಗ್ತದಾ ಅಂತ,” ಎಂದರು ವಿಭಾಗದ ಮುಖ್ಯಸ್ಥ ಶಿಶಿರ್ ಸರ್.

ಹನ್ನೊಂದು ವರ್ಷ ದುಡಿದವನಿಗೆ ನಿನ್ನೆ ಮೊನ್ನೆ ಬಂದವಳನ್ನು ನೋಡಿ ಕಲಿಯಲು ಹೇಳುವುದೆಂದರೆ! ಹೊಟ್ಟೆಯೊಳಗೆ ಯಾರೋ ಕಾಂತಾರಿ ಮೆಣಸು ಅರೆದಂತಾಯಿತು. ಮೊಸರಿನಲ್ಲಿ ಕಲ್ಲು ಹುಡುಕುವವನ ಹಾಗೆ ಮನೆಯಲ್ಲಿ ಕೂತು ಆ ವಿಡಿಯೊವನ್ನು ಏಳು ಸಲ ನೋಡಿದ. ಬೆಳಕು ಕಡಿಮೆ, ಹಿಂದೆ ಕುಕ್ಕರಿನ ಸೀಟಿ, ಅಲ್ಲಲ್ಲಿ ಕೈ ನಡುಗಿದೆ. ಆದರೂ ಏಳನೆಯ ಸಲ ಅವನ ಕಣ್ಣೇ ತುಂಬಿತು. ಅವಳ ಮೇಲೆ ಅತಿ ಹೆಚ್ಚು ಸಿಟ್ಟು ಬಂದದ್ದು ಆಗಲೇ.

ವರ್ಷಕ್ಕೊಮ್ಮೆ ದಾನಿಗಳ ಸಮಾವೇಶ. ಅಲ್ಲಿ ತೋರಿಸುವ ದೊಡ್ಡ ವಿಡಿಯೊ ಮಾತ್ರ ಧನರಾಜನದೇ ಎಂಬುದು ಇಲ್ಲಿಯವರೆಗಿನ ರೂಢಿ. ಅದೊಂದು ಉಳಿದರೆ ಸಾಕು, ಉಳಿದದ್ದೆಲ್ಲ ಅವಳೇ ಮಾಡಿಕೊಳ್ಳಲಿ ಎಂದು ಅವನು ಮನಸ್ಸಿನಲ್ಲೇ ರಾಜಿಗೆ ಬಂದಿದ್ದ. ಈ ಸಲ ಪೊಳಲಿ ಕಡೆಯ ಸುಬ್ಬಯ್ಯ ಶೆಟ್ಟರು ಹುಡುಗಿಯರ ಹಾಸ್ಟೆಲ್ ಕಟ್ಟಿಸಿ ಕೊಡುವವರಿದ್ದರು. ಶಿಶಿರ್ ಸರ್ ಆ ವಿಡಿಯೊವನ್ನೂ ವಿಸ್ಮಿತಾಳಿಗೇ ಕೊಟ್ಟರು. ಧನರಾಜನಿಗೆ ಹೇಳಿದ್ದು ಇಷ್ಟೇ: “ಹೆಸರು, ಸಂಬಂಧ ಎಲ್ಲ ಸರಿ ಉಂಟಾ ಅಂತ ನೀವು ಒಮ್ಮೆ ನೋಡಿ ಕೊಡಿ.”

ಸಮಾವೇಶಕ್ಕೆ ಎರಡು ದಿನ ಇರುವಾಗ ಅವಳು ಲ್ಯಾಪ್‌ಟಾಪ್ ಹಿಡಿದು ಬಂದಳು. “ಧನರಾಜಣ್ಣ, ನೀವು ನೋಡಿದ್ರೆ ನನಗೆ ಧೈರ್ಯ.”

ವಿಡಿಯೊ ಚೆನ್ನಾಗಿತ್ತು. ತನ್ನನ್ನು ಉರಿಸಲು ಬೇಕೆಂದೇ ಮಾಡಿದಷ್ಟು ಚೆನ್ನಾಗಿತ್ತು. ನಾಲ್ಕನೆಯ ನಿಮಿಷದಲ್ಲಿ ಒಂದು ಹಳೆಯ ಕಪ್ಪುಬಿಳುಪು ಫೋಟೊ ಬಂತು. ಮನೆಯ ಚಾವಡಿಯ ಮುಂದೆ ಒಬ್ಬ ಗಂಡಸು, ಪಕ್ಕದಲ್ಲಿ ಒಬ್ಬ ಹೆಂಗಸು. ಕೆಳಗೆ ಅಕ್ಷರ ಮೂಡಿತು: ‘ತಾಯಿ ಪ್ರೇಮಾವತಿ, ತಂದೆ ದಿವಂಗತ ಜತ್ತಪ್ಪ ಶೆಟ್ಟಿ. ತಂದೆಯ ನೆನಪಿಗಾಗಿ ಈ ಹಾಸ್ಟೆಲ್.’

ಜತ್ತಪ್ಪ ಶೆಟ್ಟರು ಸುಬ್ಬಯ್ಯ ಶೆಟ್ಟರ ತಂದೆಯಲ್ಲ. ಪ್ರೇಮಾವತಿಯ ಸ್ವಂತ ಅಣ್ಣ, ಸುಬ್ಬಯ್ಯನನ್ನು ಎತ್ತಿ ಆಡಿಸಿ ಓದಿಸಿದ ಸೋದರಮಾವ. ವಿಸ್ಮಿತಾಳ ಕಡೆ ಅಪ್ಪನಿಂದ ಮಗನಿಗೆ ಬರುವ ಮನೆತನ. ಹಿರಿಯರ ನೆನಪಿಗೆ ಮಗ ಏನಾದರೂ ಕಟ್ಟಿಸಿದರೆ ಆ ಹಿರಿಯ ಅಪ್ಪನೇ ಆಗಿರಬೇಕೆಂದು ಅವಳು ಯಾರನ್ನೂ ಕೇಳದೆ ನಂಬಿಬಿಟ್ಟಿದ್ದಳು. ಅಣ್ಣತಂಗಿಯರನ್ನು ಗಂಡಹೆಂಡತಿ ಮಾಡಿಟ್ಟಿದ್ದಳು.

ಧನರಾಜನಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ಒಂದು ಮಾತು ಹೇಳಿದರೆ ಐದು ನಿಮಿಷದಲ್ಲಿ ಸರಿಯಾಗುತ್ತಿತ್ತು. ಆ ಮಾತು ಗಂಟಲ ತನಕ ಬಂದಿತ್ತು ಕೂಡ.

“ಹೇಗುಂಟು?” ಎಂದಳು ಅವಳು.

“ಎಲ್ಲ ಸರಿ ಉಂಟು,” ಎಂದ.

ಎರಡು ದಿನ ಅವನಿಗೆ ಅನ್ನ ರುಚಿಸಿತು. ನಡುನಡುವೆ ಹೇಳಿಬಿಡೋಣ ಎನಿಸಿದಾಗಲೆಲ್ಲ ಶಿಶಿರ್ ಸರ್ ಅವಳ ಬೆನ್ನು ತಟ್ಟುವುದು ಕಣ್ಣಿಗೆ ಬೀಳುತ್ತಿತ್ತು, ಬಾಯಿ ಮತ್ತೆ ಮುಚ್ಚುತ್ತಿತ್ತು.

ಸಮಾವೇಶದ ದಿನ ಸಭಾಂಗಣ ತುಂಬಿತ್ತು. ಎದುರಿನ ಸಾಲಿನಲ್ಲಿ ಪ್ರೇಮಾವತಿಯಮ್ಮ. ತೊಂಬತ್ತರ ಹತ್ತಿರದ ಆ ಹಿರಿಜೀವ ಮಗನ ದೊಡ್ಡ ದಿನವೆಂದು ಜರಿಸೀರೆ ಉಟ್ಟು ಬಂದಿದ್ದರು. ಫೋಟೊ ಬಂತು. ಅಕ್ಷರ ಬಂತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪ್ರೇಮಾವತಿಯಮ್ಮ ಸೆರಗನ್ನು ಮುಖಕ್ಕೆ ಎಳೆದುಕೊಂಡರು. ಧನರಾಜ್ ವಿಸ್ಮಿತಾ ಮುಗ್ಗರಿಸುವುದನ್ನು ಎಣಿಸಿಕೊಂಡಿದ್ದನೇ ಹೊರತು ಈ ಮುದುಕಿಯನ್ನು ಎಣಿಸಿರಲಿಲ್ಲ.

ಸುಬ್ಬಯ್ಯ ಶೆಟ್ಟರು ಎದ್ದು ನಿಂತರು. “ಮಾವನನ್ನು ಅಮ್ಮನಿಗೆ ಗಂಡ ಮಾಡಿದ್ರಲ್ಲ! ಇದನ್ನು ತೋರಿಸ್ಲಿಕ್ಕಾ ನನ್ನ ಅಮ್ಮನನ್ನು ಕರ್ಸಿದ್ದು?” ಎಂದು ತಾಯಿಯ ಕೈ ಹಿಡಿದು ಹೊರಟೇಬಿಟ್ಟರು.

ಶಿಶಿರ್ ಸರ್ ಇಬ್ಬರನ್ನೂ ಕೋಣೆಗೆ ಕರೆದರು. “ಧನರಾಜ್, ನೀವು ನೋಡ್ಲಿಲ್ವಾ?”

ಅವನು ನಾಲಗೆ ತಿರುಗಿಸುವ ಮೊದಲೇ ವಿಸ್ಮಿತಾ ಹೇಳಿದಳು: “ಅವರಿಗೆ ತೋರಿಸ್ಲೇ ಇಲ್ಲ ಸರ್. ಸಮಯ ಇರ್ಲಿಲ್ಲ ಅಂತ ನಾನೇ ಬಿಟ್ಟೆ. ತಪ್ಪು ನನ್ನದೇ.”

ಸಿಗಬೇಕಾದದ್ದು ಅವಳಿಗೆ ಸಿಕ್ಕಿತು. ಇನ್ನು ಮುಂದೆ ಕ್ಯಾಮೆರಾ ಮುಟ್ಟುವಂತಿಲ್ಲ, ಸಮಾವೇಶದ ವಿಡಿಯೊ ಎಂದೆಂದಿಗೂ ಧನರಾಜನದೇ ಎಂದು ಅಲ್ಲೇ ತೀರ್ಮಾನವಾಯಿತು.

ಹೊರಗೆ ಬಂದು ಅವನು ಕೇಳಿದ. “ಸುಳ್ಳು ಯಾಕೆ ಹೇಳಿದ್ದು ನೀನು?”

ಅತ್ತು ಅವಳ ಮೂಗು ಕೆಂಪಾಗಿತ್ತು. “ಇಷ್ಟು ಕೆಲಸದ ಮಧ್ಯೆ ನಿಮ್ಮ ಕಣ್ಣು ಒಮ್ಮೆ ತಪ್ಪಿರ್ಬೇಕು, ಅದಕ್ಕೇನು? ಸಂಬಂಧದ ವಿಷಯದಲ್ಲಿ ಧನರಾಜ್ ತಪ್ಪುದಿಲ್ಲ ಅಂತ ಊರೆಲ್ಲ ಹೇಳ್ತದೆ. ಆ ಹೆಸರು ನನ್ನಿಂದ ಹಾಳಾಗುದು ಬೇಡ ಧನರಾಜಣ್ಣ.”

ನಿಜ ಹೇಳಲು ಅವನಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನು ಸಿಗುವಂತಿರಲಿಲ್ಲ. ಅವನು ಹೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ, ಬೇಕೆಂದದ್ದೆಲ್ಲ ಕೈಗೆ ಬಂದಿತ್ತು. ಆದರೆ ಇನ್ನೊಬ್ಬನ ಹೆಸರಿಗಾಗಿ ಅವಳು ತಪ್ಪು ಹೊರಬಲ್ಲಳು, ತನ್ನಿಂದ ಅದು ಆಗದು ಎಂದು ನೆನೆದಾಗ, ಹೊಟ್ಟೆ ಮೊದಲಿಗಿಂತ ಜೋರಾಗಿ ಉರಿಯತೊಡಗಿತು.