ಜೋಬಿಲ್ಲದ ಉಡುಪು

ನಾನು ನಿಂತಿದ್ದುದು ಬದನಗುಪ್ಪೆ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ, ಉಡುಪು ಕೊಡುವ ಕಿಂಡಿಯ ಒಳಗೆ. ವಾರದ ರಜೆ ಮುಗಿದ ಸೋಮವಾರ, ಬೆಳಗಿನ ಪಾಳಿ. ಚಹಾ ಬಿಡುವು ಇನ್ನೂ ಆಗಿರಲಿಲ್ಲ. ಕಿಂಡಿಯ ಮುಂದೆ ಉಡುಪು ಬದಲಿಸುವ ಕೋಣೆ. ಅದರ ನಡುವೆ ಗೋಡೆಯಿಂದ ಗೋಡೆಗೆ ಒಂದು ಸ್ಟೀಲ್ ಬೆಂಚು. ಬೆಂಚಿನ ಈಚೆಗೆ ಲಾಕರುಗಳು, ಮನೆಯಿಂದ ಹಾಕಿಕೊಂಡು ಬಂದ ಚಪ್ಪಲಿಗಳು. ಬೆಂಚಿನ ಆಚೆಗೆ ಹೊರಗಿನದೇನೂ ಹೋಗುವಂತಿಲ್ಲ. ಆಚೆ ತುದಿಯ ಬಾಗಿಲು ದಾಟಿದರೆ ಕಣ್ಣಿನ ಔಷಧಿಯನ್ನು ಸೀಸೆಗೆ ತುಂಬುವ ಕೋಣೆ. ನನಗೆ ಬೆಂಚಿನ ಎರಡೂ ಬದಿ ಕಾಣುತ್ತಿತ್ತು. ಕಂಡದ್ದನ್ನಷ್ಟೇ ಬರೆಯುತ್ತೇನೆ.

ಮೊದಲು ಉಡುಪಿನ ವಿಷಯ ಹೇಳಬೇಕು. ಹತ್ತಿ ಬಟ್ಟೆ ಅಲ್ಲಿ ನಡೆಯುವುದಿಲ್ಲ. ಹತ್ತಿಯ ನೂಲು ಗಿಡ್ಡ ಎಳೆಗಳನ್ನು ಸೇರಿಸಿ ಹೊಸೆದದ್ದು; ಉಜ್ಜಿದರೆ ತುದಿಗಳು ಕಳಚಿ ಗಾಳಿಗೆ ಸೇರುತ್ತವೆ. ಆ ನೂಲಿನ ಧೂಳಿಗೆ ಲಿಂಟ್ ಎನ್ನುತ್ತಾರೆ. ನಮ್ಮಲ್ಲಿದ್ದದ್ದು ಪಾಲಿಯೆಸ್ಟರ್. ರೇಷ್ಮೆಗೂಡಿನಿಂದ ಬಿಚ್ಚಿದ ಹಾಗೆ ಉದ್ದಕ್ಕೂ ಒಂದೇ ಎಳೆ. ನಡುನಡುವೆ ಇಂಗಾಲದ ಕಪ್ಪು ಗೆರೆಗಳು, ಬಟ್ಟೆ ಕರೆಂಟು ಹಿಡಿದು ಧೂಳನ್ನು ಸೆಳೆಯದಿರಲೆಂದು. ತಲೆಗೂ ಮುಖಕ್ಕೂ ಸೇರಿ ಹುಡ್. ಕಣ್ಣು ಮಾತ್ರ ಕಾಣುತ್ತದೆ. ಕುತ್ತಿಗೆಯಿಂದ ಪಾದದವರೆಗೆ ಕವರಾಲ್. ಹುಡ್‌ನ ಅಂಚು ಕವರಾಲ್‌ನ ಒಳಗೆ ಹೋಗಬೇಕು, ಕವರಾಲ್‌ನ ಕಾಲು ಉದ್ದನೆಯ ಬಟ್ಟೆಯ ಬೂಟಿನ ಒಳಗೆ. ತೊಡುವುದು ತಲೆಯಿಂದ, ಬಿಚ್ಚುವುದು ಕಾಲಿನಿಂದ. ಎಲ್ಲಿಯೂ ಜೋಬಿಲ್ಲ. ಜೋಬಿನ ಮೂಲೆಯಲ್ಲಿ ಧೂಳು ಕೂರುತ್ತದೆ.

ಇದನ್ನೆಲ್ಲ ಹೊಸಬರಿಗೆ ಕಲಿಸುತ್ತಿದ್ದವರು ಪಾಳಿಯ ಸೂಪರ್‌ವೈಸರ್. ಚಾಮರಾಜನಗರದ ಹೆಂಗಸು, ಎಲ್ಲರಿಗೂ ಅಕ್ಕ. ಕಿಂಡಿಯಲ್ಲಿ ಯಾರಾದರೂ 'ಟೊಪ್ಪಿ ಕೊಡಣ್ಣ' ಅಂದರೆ ಕೊಡಬೇಡ ಎಂದು ನನಗೆ ಹೇಳಿದ್ದರು. ಹುಡ್ ಅಂದರಷ್ಟೇ ಕೊಡಬೇಕು.

ಬೇಗೂರಿನ ಕಡೆಯಿಂದ ವ್ಯಾನಿನಲ್ಲಿ ಬರುತ್ತಿದ್ದ ಹುಡುಗಿ ಮೊದಲ ದಿನ ಕವರಾಲ್ ತೊಟ್ಟು ಎರಡೂ ಪಕ್ಕ ತಡವಿ ನೋಡಿದಳು.

"ಅಣ್ಣ, ಇದ್ಕೆ ಜೋಬೇ ಮಡಗಿಲ್ವಲ್ಲಾ."

"ಜೋಬ್ಯಾಕಮ್ಮಿ ನಿಂಗೆ? ಕಳ್ಳೇಪುರಿ ತುಂಬ್ಕಂಡ್ ಓಯ್ತೀಯಾ?" ಎಂದರು ಅಕ್ಕ.

ಉಳಿದ ಹುಡುಗಿಯರು ನಕ್ಕರು. ಅವಳೂ ನಕ್ಕಳು. "ಇಲ್ಲಕ್ಕ, ಸುಮ್ಕೆ ಕೇಳ್ದೆ. ಒಂದ್ ಸಣ್ಣ ಸಾಮಾನೂ ತಕಂಡ್ ಓಗಂಗಿಲ್ವಾ?"

"ಒಂದ್ ಗುಂಡ್‌ಪಿನ್ನೂ ಇಲ್ಲ."

ಆಮೇಲೆ ಅಕ್ಕ ನಡಿಗೆ ಕಲಿಸಿದರು. ಬೇಗ ನಡೆದರೆ ಮೈಯ ಧೂಳು ಉಡುಪಿನ ಸಂದಿಗಳಿಂದ ಹೊರಬರುತ್ತದೆ. ಕೈಗಳು ಸದಾ ಎದೆಯ ಮುಂದಿರಬೇಕು. "ಓಡಬ್ಯಾಡಿ, ಕೈ ಬೀಸಬ್ಯಾಡಿ. ಹೆಣ್ ನೋಡಕ್ ಬಂದವ್ರ ಮುಂದೆ ಕಾಪಿ ತಟ್ಟೆ ಇಡ್ಕಂಡ್ ಬರ್ತೀರಲ್ಲಾ, ಅಂಗೆ ನಡೀರಿ."

"ನಾನು ಬೇಕೂಂತ್ಲೇ ಚೆಲ್ಬುಟ್ಟೆ ಕಣಕ್ಕ ಅವತ್ತು," ಎಂದಳು ಬೇಗೂರಿನ ಕಡೆಯವಳು. ಅಕ್ಕನಿಗೂ ನಗು ತಡೆಯಲಾಗಲಿಲ್ಲ.

ಇನ್ನು ಆ ಸೋಮವಾರದ ಮಾತು. ಅಕ್ಕ ಬೆಂಚಿನ ಈಚೆ ಸೀರೆ, ಹವಾಯಿ ಚಪ್ಪಲಿಯಲ್ಲಿ ನಿಂತು ನನ್ನಿಂದ ತಮ್ಮ ಉಡುಪು ತೆಗೆದುಕೊಳ್ಳುತ್ತಿದ್ದರು. ಒಳಗಿನ ಬಾಗಿಲು ತೆರೆಯಿತು. ಒಬ್ಬಳು ಹೊರಗೆ ಬಂದಳು. ಯಾರೆಂದು ತಿಳಿಯಲಿಲ್ಲ, ಆ ಉಡುಪಿನಲ್ಲಿ ಎಲ್ಲರೂ ಒಂದೇ. ನಿಧಾನವಾಗಿ ನಡೆದು ಬಂದಳು. ಎರಡೂ ಕೈ ಎದೆಯ ಮೇಲಿತ್ತು. ಕಲಿಸಿದ ಹಾಗೆಯೇ ಬರುತ್ತಿದ್ದಾಳೆ ಎಂದುಕೊಂಡೆ.

"ಯಾರಮ್ಮಿ ಅದು? ಈಗ್ ತಾನೆ ಒಳೀಕ್ ಓದೋಳು, ಆಗ್ಲೇ ಬಂದ್ಬುಟ್ಯಾ?" ಎಂದರು ಅಕ್ಕ.

ಅವಳು ಬೆಂಚಿನ ಮೇಲೆ ಕೂತು ಬಾಗಿ ಬೂಟಿನ ಪಟ್ಟಿ ಬಿಚ್ಚಲು ಹೋದಳು. ಬೆರಳು ಜಾರಿತು. ಮತ್ತೆ ಹಿಡಿದಳು. ಆಗ ನನಗೆ ಕಂಡದ್ದು, ಅವಳ ಬಾಯಿಯ ಮೇಲಿನ ಬಟ್ಟೆ. ಅದು ಒಳಕ್ಕೆ ಎಳೆದುಕೊಂಡು ಅಂಟುತ್ತಿತ್ತು, ಬಹಳ ಹೊತ್ತಿನ ಮೇಲೆ ಬಿಡುತ್ತಿತ್ತು. ಉಸಿರು ಸಿಗದವಳು ಕ್ರಮ ತಪ್ಪದೆ ಕಾಲಿನಿಂದ ಬಿಚ್ಚುತ್ತಿದ್ದಳು.

ಅಕ್ಕನೂ ಅದನ್ನೇ ಕಂಡರು. "ಬೂಟ್ ಬುಡಮ್ಮಿ, ಮೊದ್ಲು ಟೊಪ್ಪಿ ತಗಿ," ಎಂದರು. ಅವಳು ಪಟ್ಟಿ ಬಿಡಲಿಲ್ಲ. ಅಕ್ಕ ಚಪ್ಪಲಿ ಕಾಲಿನಲ್ಲೇ ಬೆಂಚು ದಾಟಿದರು.

ಕವರಾಲ್‌ನ ಜಿಪ್ಪಿನ ಮೇಲೆ ಒಂದು ಮುಚ್ಚು ಪಟ್ಟಿ ಇರುತ್ತದೆ. ಅಕ್ಕ ಎಳೆದ ರಭಸಕ್ಕೆ ಜಿಪ್ಪು ಅದನ್ನು ಕಚ್ಚಿಕೊಂಡು ನಿಂತಿತು. ಹುಡ್‌ನ ಅಂಚು ಒಳಗೆ ಸಿಕ್ಕಿಕೊಂಡಿತ್ತು. ಕೈಯಿಂದ ಹರಿಯಲು ನೋಡಿದರು. ಆ ಬಟ್ಟೆ ಹರಿಯುವುದಿಲ್ಲ, ಹರಿಯಬಾರದೆಂದೇ ನೇಯ್ದದ್ದು.

"ಕತ್ರಿ ಕೊಡಪ್ಪ."

ಬಿಡಿ ಎಳೆ ಕತ್ತರಿಸಲು ಇಟ್ಟುಕೊಂಡಿದ್ದ ಕತ್ತರಿಯನ್ನು ಕಿಂಡಿಯಿಂದ ಕೊಟ್ಟೆ. ಅಕ್ಕ ಗದ್ದದಿಂದ ಕೆಳಕ್ಕೆ ಕತ್ತರಿಸಿದರು. ಹುಡ್ ಕಳಚಿತು. ಬೇಗೂರಿನ ಕಡೆಯ ಹುಡುಗಿ. ತುಟಿ ನೀಲಿಯಾಗಿತ್ತು. ಹುಡ್ ಹೋದರೂ ಉಸಿರು ಸರಿಯಾಗಲಿಲ್ಲ. ಅವಳ ಕೈ ಮತ್ತೆ ಎದೆಗೇ ಹೋಯಿತು.

"ಎದೆ ನೋಯ್ತದೇನಮ್ಮಿ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಕೊರಳಿನ ದಾರ ಎಳೆದಳು. ದಾರದ ತುದಿಗೆ ಲಾಕರಿನ ಬೀಗದ ಕೈ, ಒಳಗೆ ಒಯ್ಯಲು ಬಿಡುತ್ತಿದ್ದುದು ಅದೊಂದನ್ನೇ. ಅದನ್ನು ಹಿಡಿದು ನನ್ನ ಕಡೆ ನೋಡಿದಳು. ಅಕ್ಕ ದಾರವನ್ನೂ ಕತ್ತರಿಸಿ ಬೀಗದ ಕೈಯನ್ನು ನನ್ನತ್ತ ಎಸೆದರು. ನಾನು ಬಾಗಿಲಿನಿಂದ ಸುತ್ತಿ ಬಂದು ಲಾಕರು ತೆರೆದೆ. ಅವಳ ಚೀಲದಲ್ಲಿ ಊಟದ ಡಬ್ಬಿಯ ಕೆಳಗೆ ಉಬ್ಬಸದವರು ಬಾಯಿಗೆ ಇಟ್ಟು ಎಳೆದುಕೊಳ್ಳುವ ನೀಲಿ ಪಂಪು ಇತ್ತು.

ಅಕ್ಕ ಅದನ್ನು ಅವಳ ಬಾಯಿಗೆ ಹಿಡಿದರು. ಸ್ವಲ್ಪ ಹೊತ್ತಾದ ಮೇಲೆ ಅವಳಿಗೆ ಮಾತು ಬಂತು.

"ಉಬ್ಸ ಅಂತ ಏಳುದ್ರೆ ಒಳೀಕೆ ಬುಡಲ್ಲ ಅಂದ್ರು ಕಣಕ್ಕ, ವ್ಯಾನಲ್ಲಿ ಬರೋರು."

"ಸುಮ್ನಿರು."

"ಒಳಗ್ಲೋರ್ಗೆ ಸಂಬ್ಳ ಜಾಸ್ತಿ..."

"ಸುಮ್ನಿರಮ್ಮಿ. ಉಸ್ರು ತಕೊ."

ಚಾಮರಾಜನಗರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸಂಜೆಗೆ ಸರಿಯಾಗಿದ್ದಳಂತೆ, ಅದನ್ನು ನಾನು ಕಂಡಿಲ್ಲ. ಬೆಂಚಿನ ಆಚೆ ನೆಲದಲ್ಲಿ ಚಪ್ಪಲಿಯ ಗುರುತು ಇತ್ತು. ಕೋಣೆಯನ್ನು ಮುಚ್ಚಿ ಎರಡು ಸಲ ತೊಳೆದರು. ಕತ್ತರಿಸಿದ ಕವರಾಲ್ ನನ್ನ ಬಳಿಗೆ ಬಂತು. ಅಂಚಿನಿಂದ ಎಳೆಗಳು ಉದ್ದುದ್ದ ಇಳಿಬಿದ್ದಿದ್ದವು. ಅದನ್ನು ಮಡಿಸಲು ನನಗೆ ಬಹಳ ಹೊತ್ತು ಬೇಕಾಯಿತು.

ಔಷಧಿ ತುಂಬುವ ಕೋಣೆಗೆ ಅವಳನ್ನು ಮತ್ತೆ ಬಿಡಲಿಲ್ಲ. ಕೆಲಸದಿಂದ ತೆಗೆಯುವ ಮಾತೂ ಬಂದಿತ್ತು. ಅಕ್ಕ ಹೋಗಿ ಮಾತಾಡಿದ ಮೇಲೆ ರಟ್ಟಿನ ಪೆಟ್ಟಿಗೆ ಕಟ್ಟುವ ಕಡೆ ಹಾಕಿದರು. ಸಂಬಳ ಕಡಿಮೆ. ಅಲ್ಲಿಯವರು ತೊಡುವುದು ಹತ್ತಿಯ ನೀಲಿ ಕೋಟು. ಅದಕ್ಕೆ ಎರಡು ಜೋಬು.

ಇದನ್ನು ಕಂಡವರು ನನ್ನನ್ನು ಬಿಟ್ಟರೆ ಇಬ್ಬರು. ಅಕ್ಕ ಈಗ ಕೆಲಸ ಬಿಟ್ಟು ಗುಂಡ್ಲುಪೇಟೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಇನ್ನೊಬ್ಬಳು ಆ ಹುಡುಗಿ. ಅವಳು ಇವತ್ತೂ ಪೆಟ್ಟಿಗೆ ಕಟ್ಟುತ್ತಿದ್ದಾಳೆ.