ಡಾಂಬರಿನ ಒಳಗಣ ತುಕ್ಕು

ಬಂದರಿನ ಮೀನುಕಟ್ಟೆಯಲ್ಲಿ ಡಾಂಬರಣ್ಣನನ್ನು ಅರಿಯದವರು ಇರಲಿಲ್ಲ. ತಂದೆತಾಯಿ ಇಟ್ಟ ಹೆಸರನ್ನು ಅವನ ಹೆಂಡತಿಯೂ ಮರೆತಿದ್ದಾಳೆಂದು ಜನ ನಗೆಯಾಡುತ್ತಿದ್ದರು. ಬಹಳ ಕಾಲ ಅವನು ತನ್ನ ಹಳೆಯ ಪಿಕಪ್ ಗಾಡಿಯಲ್ಲಿ ಮೀನು, ಐಸು ಸಾಗಿಸಿದವನು. ಮಂಡಿನೋವು ಬಂದ ಮೇಲೆ ದೂರದ ಬಾಡಿಗೆಗಳನ್ನು ಬಿಟ್ಟು, ಊರೊಳಗಿನ ಸಣ್ಣಪುಟ್ಟ ಸಾಗಾಟಕ್ಕೆ ಮಾತ್ರ ಗಾಡಿ ತೆಗೆಯುತ್ತಿದ್ದನು. ಆದರೆ ಅವನಿಗೆ ಹೆಸರು ತಂದದ್ದು ಸಾಗಾಟವಲ್ಲ, ಡಾಂಬರು. ಮಳೆ ನಿಂತು ನೆಲ ಒಣಗಿದ ಕೂಡಲೇ ಗೋಣಿಚೀಲ ಹಾಸಿಕೊಂಡು ಗಾಡಿಯ ಅಡಿಗೆ ನುಸುಳುವನು. ಡಾಂಬರಿಗೆ ಸುಟ್ಟ ಇಂಜಿನ್ ಎಣ್ಣೆ ಬೆರೆಸಿ ಕಾಯಿಸಿ, ಉದ್ದ ಹಿಡಿಯ ಕುಂಚದಿಂದ ಗಾಡಿಯ ಹೊಟ್ಟೆಗೆಲ್ಲ ಬಳಿಯುವನು. ಉಗುರು ಹೋಗುವಷ್ಟು ಸಂದು ಕಂಡರೂ ಬಿಡುವವನಲ್ಲ. ಹೊರಗೆ ಬಂದಾಗ ಹಲ್ಲು ಮತ್ತು ಕಣ್ಣಿನ ಬಿಳುಪು ಬಿಟ್ಟರೆ ಮಿಕ್ಕದ್ದೆಲ್ಲ ಕಪ್ಪು.

"ಗಾಡಿಗೆ ಹಚ್ಚಿದ್ದೆಷ್ಟು, ನೀವು ಹಚ್ಚಿಕೊಂಡಿದ್ದೆಷ್ಟು?" ಎಂದು ಹೆಂಡತಿ ಸೀಮೆಎಣ್ಣೆಯ ಬಟ್ಟೆ ಹಿಡಿದು ಬಾಗಿಲಲ್ಲೇ ತಡೆಯುವಳು.

ಉಪ್ಪುಗಾಳಿಯ ಊರಿನಲ್ಲಿ ಕಬ್ಬಿಣಕ್ಕೆ ಆಯುಸ್ಸು ಕಡಿಮೆ. ಮೀನಿನ ಪೆಟ್ಟಿಗೆಗಳಿಂದ ಸೋರುವ ನೀರು ದಾರಿಯುದ್ದಕ್ಕೂ ಗಾಡಿಯ ಮೈಮೇಲೆ ಇಳಿಯುತ್ತಲೇ ಇರುತ್ತದೆ. ಆದ್ದರಿಂದ ಪರಿಚಯದವರು "ನಮ್ಮದಕ್ಕೂ ಒಂದು ಕೈ ಹಚ್ಚಣ್ಣಾ" ಎಂದು ಬಂದರೆ ಅವನು ಇಲ್ಲವೆನ್ನುತ್ತಿರಲಿಲ್ಲ. ಒಬ್ಬಳೇ ಮಗಳು ಅದೇ ಮಾದರಿಯ ಹಳೆಯ ಗಾಡಿಯೊಂದನ್ನು ಕೊಂಡಾಗಲಂತೂ ವರ್ಷವರ್ಷವೂ ಅದಕ್ಕೆ ಎರಡೆರಡು ಪದರ ಬಳಿದನು. ಮಗಳು ಗಟ್ಟಿಗಿತ್ತಿ. ಗಂಡ ದೋಣಿಯ ಮೇಲಿದ್ದರೆ ಇವಳು ಸ್ಟೀರಿಂಗ್ ಹಿಂದೆ. ಬೆಟ್ಟದ ಮೇಲಿನ ಪೇಟೆಗೆ ಮೀನು ಒಯ್ದು ಸುರಿದು, ಬರುವಾಗ ಆಲೂಗಡ್ಡೆಯ ಮೂಟೆ ಹೇರಿಕೊಂಡು ತಿರುವುಗಳನ್ನು ಇಳಿದು ಬರುವಳು.

ಭಯವು ಡಾಂಬರಣ್ಣನ ಮನೆಯೊಳಕ್ಕೆ ಬಂದದ್ದು ಫೋನಿನ ಮೂಲಕ. ಆ ಮಾದರಿಯ ಹಳೆಯ ಗಾಡಿಗಳ ಮಾಲೀಕರೆಲ್ಲ ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಅಲ್ಲಿ ನಡೆಯುತ್ತಿದ್ದುದು ದೂರುಗಳದ್ದೇ ಸಂತೆ, ಅದೂ ಚಾಸಿಯ ಬಗ್ಗೆ. ಚಾಸಿ ಎಂದರೆ ಗಾಡಿಯ ಅಡಿಯಲ್ಲಿ ಮುಂದಿನಿಂದ ಹಿಂದಿನವರೆಗೆ ಓಡುವ ಎರಡು ಕಬ್ಬಿಣದ ತೊಲೆಗಳು. ಒಳಗೆ ಟೊಳ್ಳು. ಇಂಜಿನು, ಕ್ಯಾಬಿನು, ಹಿಂದಿನ ತೊಟ್ಟಿ ಎಲ್ಲವೂ ಕುಳಿತಿರುವುದು ಅವುಗಳ ಮೇಲೆ. ಒಬ್ಬನ ಗಾಡಿಯಲ್ಲಿ ಸ್ಪ್ರಿಂಗಿನ ಪಟ್ಟಿಗಳು ಚಾಸಿಯ ಚೂರಿನೊಂದಿಗೇ ಕಿತ್ತು ಬಂದಿದ್ದವು. ಇನ್ನೊಬ್ಬನು ಕಂಪನಿಗೆ ಹೋಗಿ ಜಗಳವಾಡಿದರೆ, "ಗಾಡಿಗೆ ವಯಸ್ಸಾಗಿದೆ" ಎಂದರಂತೆ. "ವಯಸ್ಸು ನನಗೂ ಆಗಿದೆ, ನಾನೇನು ನಡು ಮುರಿದು ನಿಮ್ಮ ಬಾಗಿಲಲ್ಲಿ ಬಿದ್ದಿದ್ದೀನಾ?" ಎಂದು ಕೇಳಿ ಬಂದೆನೆಂದು ಅವನು ಬರೆದಿದ್ದನು.

ಡಾಂಬರಣ್ಣ ಇದನ್ನೆಲ್ಲ ಕೇಳಿ ಮೂಗು ಮುರಿಯುತ್ತಿದ್ದನು. "ಮೇಲೆ ಮೇಲೆ ಬಣ್ಣ ಹೊಡೆಸ್ತಾರೆ. ಕೆಳಗೆ ಬಗ್ಗಿ ನೋಡೋರು ಯಾರು? ಅನುಭವಿಸಲಿ."

ಒಂದು ಬೆಳಿಗ್ಗೆ, ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ, ಆ ಗುಂಪಿಗೆ ಯಾರದೋ ಧ್ವನಿಯಲ್ಲೇ ಒಂದು ಸುದ್ದಿ ಬಂದಿತು. ಮಾತನಾಡುತ್ತಿದ್ದವನ ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ.

"ಅಣ್ಣಂದಿರೇ, ನಿನ್ನೆ ಇಳಿಜಾರಿನಲ್ಲಿ ನನ್ನ ಗಾಡಿ ನಡು ಮುರೀತು. ನಾನು ಉಳ್ಕೊಂಡೆ. ಪಕ್ಕದಲ್ಲಿ ಕೂತಿದ್ದ ತಮ್ಮ ಇನ್ನೂ ಕಣ್ಣು ಬಿಟ್ಟಿಲ್ಲ. ಪ್ರತಿ ವರ್ಷ ಡಾಂಬರು ಹಚ್ಚಿಸ್ತಿದ್ದೆ. ಬಗ್ಗಿ ನೋಡಿದ್ರೆ ಹೊಸಾ ಗಾಡಿ ಥರ ಮಿಂಚ್ತಿತ್ತು. ಡಾಂಬರು ನೋಡಿ ನಂಬಬೇಡಿ, ಅಷ್ಟೇ ಹೇಳ್ತೀನಿ."

ಇನ್ನೊಮ್ಮೆ ಕೇಳಲು ಡಾಂಬರಣ್ಣನ ಬೆರಳು ಹೋಯಿತು, ಧೈರ್ಯ ಬರಲಿಲ್ಲ.

"ಏನಂತೆ ಅವನದ್ದು?" ಎಂದು ಒಳಗಿನಿಂದ ಹೆಂಡತಿ ಕೂಗಿದಳು.

"ಏನಿಲ್ಲ, ಯಾರದೋ ಟೈರು."

ಅಂಗಳಕ್ಕೆ ಬಂದು ತನ್ನ ಗಾಡಿಯನ್ನು ಹೊಸಬನಂತೆ ನೋಡಿದನು. ಕ್ಯಾಬಿನ್ನಿಗೂ ಹಿಂದಿನ ತೊಟ್ಟಿಗೂ ನಡುವೆ ಒಂದು ಸಂದು ಇರುತ್ತದೆ. ಹಗ್ಗ ಬಿಗಿಯುವಾಗ ಅದರೊಳಗೆ ಅಂಗೈ ತೂರಿಸುವುದು ಅವನಿಗೆ ನಿತ್ಯದ ಅಭ್ಯಾಸ. ಈಗ ಕೈಯನ್ನು ಮೇಲ್ಭಾಗದಲ್ಲಿ ಇಟ್ಟು ನೋಡಿದರೆ ಬೆರಳ ಗೆಣ್ಣುಗಳೇ ಸಿಕ್ಕಿಕೊಂಡವು. ಈಚೆಗೆ ಕ್ಯಾಬಿನ್ನಿನ ಬಾಗಿಲನ್ನು ಎತ್ತಿ ಹಿಡಿದೇ ಹಾಕಬೇಕಾಗುತ್ತಿತ್ತು. ಕೀಲು ಸವೆದಿದೆಯೆಂದು ತಿಂಗಳುಗಟ್ಟಲೆ ಎಣ್ಣೆ ಬಿಟ್ಟಿದ್ದನಲ್ಲ! ಕೀಲಿನದಲ್ಲ ತಪ್ಪು. ಗಾಡಿಯ ಬೆನ್ನೇ ಬಾಗುತ್ತಿತ್ತು.

ಹೆಂಡತಿಗೆ ಹೇಳದೆ ಗಾಡಿ ಹತ್ತಿ, ಗಲ್ಲಿಯ ಕೊನೆಯಲ್ಲಿದ್ದ ವೆಲ್ಡರನ ಶೆಡ್ಡಿಗೆ ತೆವಳುತ್ತ ಹೋದನು. ವೆಲ್ಡರ್ ಅವನ ಬಾಲ್ಯದ ಗೆಳೆಯ.

"ಏನಯ್ಯಾ, ಮೊಟ್ಟೆ ಹೇರಿಕೊಂಡವನ ಥರ ಬರ್ತಿದ್ದೀಯ?"

"ಚಾಸಿ ನೋಡು ಸ್ವಲ್ಪ."

"ನಿನ್ನ ಡಾಂಬರಿನ ಕೆಳಗೆ ಚಾಸಿ ಹುಡುಕೋಕೆ ಗುದ್ದಲಿಯವರನ್ನ ಕರೀಬೇಕು" ಎಂದು ನಗುತ್ತಲೇ ವೆಲ್ಡರ್ ಚಾಸಿಯ ಅಡಿಗೆ ಜಾಕ್ ಕೊಟ್ಟು ಹಿಡಿ ಒತ್ತಿದನು.

ಜಾಕ್ ಏರಿತು. ಗಾಡಿ ಏರಲಿಲ್ಲ. ಇನ್ನಷ್ಟು ಒತ್ತಿದನು, ಜಾಕ್ ಇನ್ನಷ್ಟು ಏರಿತು, ಟೈರು ನೆಲ ಬಿಡಲಿಲ್ಲ. ಇಬ್ಬರೂ ಬಗ್ಗಿ ನೋಡಿದರು. ಜಾಕಿನ ತಲೆಯು ಡಾಂಬರಿನ ದಪ್ಪ ಪದರವನ್ನು ಚರ್ಮದಂತೆ ಒಳಕ್ಕೆ ತಳ್ಳಿಕೊಂಡು ಚಾಸಿಯ ಹೊಟ್ಟೆಯಲ್ಲಿ ಮುಳುಗಿತ್ತು. ವೆಲ್ಡರನ ನಗು ಅಲ್ಲಿಯೇ ಆರಿತು. ಜಾಕ್ ಇಳಿಸಿದಾಗ ಪದರ ಹರಿದು, ಮೊದಲು ಕಂದುಬಣ್ಣದ ನೀರು ಸುರಿಯಿತು. ಅದಕ್ಕೆ ಹಳೆಯ ಮೀನಿನ ನಾತ. ಅದರ ಹಿಂದೆ ಒಣಗಿದ ಎಲೆಯಂಥ ತುಕ್ಕಿನ ಚಕ್ಕೆಗಳು ಉದುರಿದವು. ಕಬ್ಬಿಣವೆನ್ನುವಂಥದ್ದು ಅಲ್ಲಿ ಉಳಿದಿರಲಿಲ್ಲ. ತೊಲೆಯ ಆಕಾರವನ್ನು ಹಿಡಿದುಕೊಂಡಿದ್ದುದು ಡಾಂಬರು.

ವೆಲ್ಡರ್ ಸ್ಕ್ರೂಡ್ರೈವರಿನಿಂದ ತೊಲೆಯ ಅಡಿಯನ್ನು ಕೆರೆದು, ಡಾಂಬರು ತುಂಬಿದ್ದ ಒಂದು ದುಂಡು ತೂತನ್ನು ತೋರಿಸಿದನು.

"ಇದನ್ನ ಯಾಕೆ ಮುಚ್ಚಿದೆ?"

"ನೀರು ಒಳಗೆ ಹೋಗಬಾರದು ಅಂತ."

"ಮೇಲಿಂದ ಹೋಗಿದ್ದು ಇಳಿದು ಬರೋ ದಾರಿ ಕಣೋ ಅದು! ಸಾಲಾಗಿ ಇಟ್ಟಿದ್ದಾರೆ ನೋಡು. ಎಲ್ಲಾ ಮುಚ್ಚಿದ್ದೀಯ. ಉಪ್ಪುನೀರು ಒಳಗೇ ಕೂತು ತಿಂದಿದೆ."

ಡಾಂಬರಣ್ಣ ಪಕ್ಕದಲ್ಲಿದ್ದ ಹಳೆಯ ಟೈರಿನ ಮೇಲೆ ಕುಳಿತನು. ಅವನ ಕಣ್ಣೆದುರು ಇದ್ದುದು ಈ ಗಾಡಿಯಲ್ಲ. ಮಗಳು ಬೆಳಕು ಹರಿಯುವ ಮುಂಚೆ ಬೆಟ್ಟ ಹತ್ತಿದ್ದಳು. ಶಾಲೆಗೆ ರಜೆಯೆಂದು ಮೊಮ್ಮಗಳು ಪುಟ್ಟಿಯೂ ಹಟ ಹಿಡಿದು ಮುಂದಿನ ಸೀಟಿನಲ್ಲಿ ಕುಳಿತು ಹೋಗಿದ್ದಳು. ಇಷ್ಟು ಹೊತ್ತಿಗೆ ಆಲೂಗಡ್ಡೆ ಹೇರಿಕೊಂಡು ಅವರು ಇಳಿಯತೊಡಗಿರಬೇಕು.

ಫೋನ್ ಮಾಡಿದನು. ಹತ್ತಲಿಲ್ಲ. ತಿರುವುಗಳಲ್ಲಿ ಯಾವಾಗಲೂ ಹತ್ತುವುದಿಲ್ಲ. ಮತ್ತೆ ಒತ್ತಲು ಹೋದವನು, ಹತ್ತಿಬಿಟ್ಟರೆ ಅವಳು ಒಂದು ಕೈಯಲ್ಲಿ ಫೋನು ಹಿಡಿದುಕೊಳ್ಳುವಳೆಂದು ನೆನೆದು ಕೈ ಹಿಂತೆಗೆದನು.

"ಅವಳದಕ್ಕೆ ಎರಡು ಪದರ ಹಚ್ಚಿದ್ದೀನಿ" ಎಂದನು.

ವೆಲ್ಡರ್ ತನ್ನ ಸ್ಕೂಟರಿನ ಕೀಲಿಯನ್ನು ಅವನ ಅಂಗಿಯ ಜೇಬಿಗೆ ತುರುಕಿದನು. "ಹೋಗು. ನೀನು ಹಚ್ಚಿದ ಮಿಕ್ಕ ಗಾಡಿಯವರಿಗೆಲ್ಲ ನಾನು ಫೋನ್ ಮಾಡ್ತೀನಿ. ಕ್ರೇನಿನವನನ್ನೂ ಬೆಟ್ಟದ ದಾರಿಗೆ ಕಳಿಸ್ತೀನಿ. ಹೋಗೋ, ಕೂತ್ಕೋಬೇಡ!"

ದಾರಿಯಲ್ಲಿ ಅವನ ತಲೆ ನೆಟ್ಟಗಿರಲಿಲ್ಲ. ಎದುರಿಗೆ ಬರುವ ಒಂದೊಂದು ಲಾರಿಯ ಚಾಲಕನ ಮುಖವನ್ನೂ, ಮೇಲೆ ಏನಾದರೂ ಆಗಿದೆಯೋ ಎಂದು ಓದಲು ಹವಣಿಸಿದನು. ಒಬ್ಬನು ಆಕಳಿಸಿದ್ದು ಕಂಡು ಅರೆಗಳಿಗೆ ಸಮಾಧಾನವಾಯಿತು. ಆಕಳಿಸುವವನು ಅಪಘಾತ ನೋಡಿ ಬಂದಿರಲಾರನು. ಬೆಟ್ಟದ ಬುಡದ ತಿರುವಿನಲ್ಲಿ ಒಂದು ಅಗಲವಾದ ಬಯಲಿದೆ. ಇಳಿದು ಬಂದವರೆಲ್ಲ ಬ್ರೇಕ್ ಆರಲೆಂದು ಅಲ್ಲಿ ನಿಲ್ಲಿಸಿ, ಕೊಳಾಯಿಯಲ್ಲಿ ಮುಖ ತೊಳೆಯುತ್ತಾರೆ. ಅದನ್ನು ದಾಟಿ ಮೇಲೇರಬೇಕೆಂದಿದ್ದವನು ಅಲ್ಲಿಯೇ ನಿಂತನು. ಇಳಿಜಾರಿನ ನಡುವೆ ಅಪ್ಪ ಕೈಬೀಸುವುದನ್ನು ಕಂಡರೆ ಅವಳು ಗಾಬರಿಯಿಂದ ಬ್ರೇಕ್ ಒತ್ತುವಳು. ಮೂಟೆಗಳ ಭಾರವೆಲ್ಲ ಮುಂದಕ್ಕೆ ನುಗ್ಗುವುದು. ಆಮೇಲೆ?

ಹಾಗಾಗಿ ಕಾಯುವುದೊಂದೇ ಉಳಿಯಿತು. ಮೇಲಿನ ತಿರುವಿನಲ್ಲಿ ಇಂಜಿನ್ನಿನ ಸದ್ದು ಕೇಳಿದಾಗಲೆಲ್ಲ ಅವನು ರಸ್ತೆಯ ಅಂಚಿಗೆ ಬಂದು ಇಣುಕುತ್ತಿದ್ದನು. ಬಂದದ್ದು ಹಾಲಿನ ವ್ಯಾನು. ಮತ್ತೆ ಬಂದದ್ದು ಬಸ್ಸು. ಆಮೇಲೆ ಏನೂ ಬರಲಿಲ್ಲ, ಬಹಳ ಹೊತ್ತು. ಆ ನಿಶ್ಶಬ್ದವನ್ನು ಅವನು ತಾಳಲಾರದೆ ಕೊಳಾಯಿ ಬಿಟ್ಟನು, ನಿಲ್ಲಿಸಿದನು, ಮತ್ತೆ ಬಿಟ್ಟನು.

"ನೀರು ಬೇಕಾ, ಸುಮ್ನೆ ಆಟಾನಾ ಯಜಮಾನ್ರೇ?" ಎಂದು ಪಕ್ಕದ ಪಂಕ್ಚರ್ ಅಂಗಡಿಯವನು ಕೇಳಿದನು. ಡಾಂಬರಣ್ಣ ಕೊಳಾಯಿ ನಿಲ್ಲಿಸಿ ಮತ್ತೆ ತಿರುವಿನತ್ತ ನೋಡಿದನು.

ಕೊನೆಗೆ ಆ ಗಾಡಿ ಕಂಡಿತು. ಮೂತಿ ರಸ್ತೆಯ ಒಂದು ಬದಿಗೆ, ಹಿಂಭಾಗ ಇನ್ನೊಂದು ಬದಿಗೆ, ನಾಯಿ ಓರೆಯಾಗಿ ಓಡುವಂತೆ ಅದು ಇಳಿದು ಬರುತ್ತಿತ್ತು. ಅವನು ಕೈ ಎತ್ತಲಿಲ್ಲ. ಕಂಬಕ್ಕೆ ಒರಗಿ, ಏನೂ ಆಗದವನಂತೆ ನಿಂತನು. ಗಾಡಿ ಬಯಲಿಗೆ ತಿರುಗಿ ಮೆಲ್ಲನೆ ನಿಂತಿತು. ಆಗ ಅವನು ಮಂಡಿನೋವನ್ನು ಮರೆತು ಓಡಿದನು. ಬಾಗಿಲು ತೆರೆದು ಪುಟ್ಟಿಯನ್ನು ಎಳೆದು ಎತ್ತಿಕೊಂಡನು.

"ಅಪ್ಪಾ? ನೀನೇನಿಲ್ಲಿ? ಅಮ್ಮ ಹುಷಾರಾಗಿದ್ದಾಳಾ?"

"ಇಳಿ ಮೊದಲು."

"ಯಾಕೆ, ಏನಾಯ್ತು?"

"ಇಳಿ ಅಂದ್ನಲ್ಲಾ!"

ಮಗಳು ಇಳಿದಳು. ಅವನು ಜಾಕಿನ ಕಥೆಯನ್ನು, ತೂತುಗಳ ಕಥೆಯನ್ನು ತಡವರಿಸುತ್ತ ಹೇಳಿದನು. "ನಾನೇ ಮುಚ್ಚಿದ್ದು ತಾಯೀ. ನಿನ್ನದನ್ನೂ" ಎಂದನು.

ಅವಳು ನಂಬಲಿಲ್ಲ. "ನಿನ್ನ ಗಾಡಿಗೆ ವಯಸ್ಸಾಯ್ತು, ಇದು ಗಟ್ಟಿ ಇದೆ. ಮೇಲಿಂದ ಇಲ್ಲಿ ತನಕ ತಂದಿಲ್ವಾ? ಇನ್ನು ಊರಿಗೆ ನೇರ ರಸ್ತೆ. ಮೂಟೆ ಇಳಿಸದಿದ್ರೆ ಅಂಗಡಿಯವನು ಬೈತಾನೆ. ನೀನು ಸ್ಕೂಟರಲ್ಲಿ ಹಿಂದೆ ಬಾ."

"ನೀನು ಹತ್ತಿದ್ರೆ ನಾನು ಚಕ್ರದ ಮುಂದೆ ಮಲಗ್ತೀನಿ."

"ಸುಮ್ನಿರಪ್ಪಾ, ಜನ ನೋಡ್ತಿದ್ದಾರೆ."

"ನೋಡಲಿ!"

ಮಾತು ಮಾತಿಗೆ ಬೆಳೆದು, ಮುನಿಸಿನಿಂದ ಅವಳು ತಿರುಗಿ ನಿಂತಳು. ಆದರೆ ಗಾಡಿ ಹತ್ತಲಿಲ್ಲ. ಅಪ್ಪನು ಪುಟ್ಟಿಯನ್ನು ಕೆಳಗಿಳಿಸದೆ ಗಾಡಿಯಿಂದ ದೂರವೇ ನಿಂತಿರುವುದನ್ನು ಅವಳು ಕಂಡಿದ್ದಳು. ಅಷ್ಟರಲ್ಲಿ ಕ್ರೇನಿನವನು ಬಂದನು. ಅವನೂ ಬಗ್ಗಿ ನೋಡಿ, "ಚೆನ್ನಾಗೇ ಇದೆಯಲ್ಲಣ್ಣಾ, ಕನ್ನಡಿ ಥರ ಇದೆ" ಎಂದು ಮುಂಭಾಗಕ್ಕೆ ಕೊಕ್ಕೆ ಹಾಕಿದನು. "ದೂರ ನಿಲ್ಲಿ" ಎಂದದ್ದು ಬರೀ ವಾಡಿಕೆಗೆ.

ಸರಪಳಿ ಬಿಗಿಯಿತು. ಮುಂದಿನ ಚಕ್ರಗಳು ನೆಲ ಬಿಟ್ಟವು. ದೊಡ್ಡ ಸದ್ದೇನೂ ಆಗಲಿಲ್ಲ. ಒದ್ದೆ ಹಲಗೆ ಮುರಿದಂತೆ ಒಂದು ಮಂದವಾದ ಸದ್ದು. ಗಾಡಿಯ ನಡು ಕುಸಿದು ನೆಲ ಮುಟ್ಟಿತು. ಕ್ಯಾಬಿನ್ನಿನ ಬೆನ್ನು ಹಿಂದಿನ ತೊಟ್ಟಿಗೆ ಬಡಿದು ಗಾಜು ಒಡೆಯಿತು. ಪುಟ್ಟಿ ಕುಳಿತು ಬಂದಿದ್ದ ಸೀಟಿನ ಬೆನ್ನು ಮುಂದಕ್ಕೆ ಮಡಚಿಕೊಂಡಿತು. ಮೂಟೆಯೊಂದು ಬಾಯಿ ಬಿಚ್ಚಿ ಆಲೂಗಡ್ಡೆಗಳು ಬಯಲೆಲ್ಲ ಉರುಳಿದವು.

"ಅಮ್ಮಾ, ನಮ್ಮ ಗಾಡಿ ಮಲಗಿಬಿಡ್ತು" ಎಂದಳು ಪುಟ್ಟಿ.

ಮಗಳು ಬಂದು ಮಗುವನ್ನು ಅಪ್ಪನ ತೋಳಿನಿಂದ ತೆಗೆದುಕೊಂಡು, ಪುಟ್ಟಿ "ಬಿಡಮ್ಮಾ, ನೋವಾಗುತ್ತೆ" ಎಂದು ಕೊಸರಾಡುವಷ್ಟು ಬಿಗಿಯಾಗಿ ಅಪ್ಪಿದಳು. ಕ್ರೇನಿನವನು ಲಿವರಿನ ಮೇಲೆ ಇಟ್ಟ ಕೈಯನ್ನು ತೆಗೆಯುವುದನ್ನೂ ಮರೆತು ನಿಂತಿದ್ದನು.

ಡಾಂಬರಣ್ಣ ಅವಳ ಹತ್ತಿರ ಹೋಗಲು ಹೆದರಿದನು. ದೂರದಿಂದಲೇ, "ಸ್ಕೂಟರ್ ತಗೊಂಡು ನೀವಿಬ್ಬರೂ ಹೋಗಿ. ನಾನು ಬಸ್ಸಿಗೆ ಬರ್ತೀನಿ" ಎಂದನು.

"ಬೇಡಪ್ಪಾ" ಎಂದಳು ಅವಳು. "ಸ್ವಲ್ಪ ದೂರ ನಡೆಯೋಣ. ಈಗ ಯಾವ ಗಾಡಿನೂ ಬೇಡ. ನೀನೂ ಬಾ."

ಅವಳು ಮಗುವನ್ನು ಎತ್ತಿಕೊಂಡು ಮುಂದೆ ನಡೆದಳು. ಅವನು ಇಂಜಿನ್ ಚಾಲೂ ಮಾಡದೆ ಸ್ಕೂಟರನ್ನು ತಳ್ಳುತ್ತ ಹಿಂದೆ ಹೋದನು. ಬೆನ್ನ ಹಿಂದೆ ಯಾವುದಾದರೂ ವಾಹನದ ಸದ್ದು ಕೇಳಿದಾಗಲೆಲ್ಲ ಇಬ್ಬರೂ ಒಬ್ಬರಿಗೊಬ್ಬರು ಹೇಳದೆಯೇ ರಸ್ತೆ ಬಿಟ್ಟು ಹುಲ್ಲಿಗೆ ಇಳಿದು, ಅದು ಪೂರ್ತಿ ದಾಟಿ ಕಣ್ಮರೆಯಾಗುವವರೆಗೆ ನಿಂತಿರುತ್ತಿದ್ದರು.