ಮೈಕಕ್ಕನ ಪ್ರಚಾರ

ಆಕೆಯನ್ನು ಊರವರೆಲ್ಲ ಮೈಕಕ್ಕ ಎಂದೇ ಕರೆಯುತ್ತಿದ್ದರು. ಅವಳ ಒಡಹುಟ್ಟಿದ ಅಕ್ಕನ ಗಂಡ, ಅಂದರೆ ಭಾವ, ವ್ಯಾನು ಓಡಿಸಿದರೆ, ಪಕ್ಕದಲ್ಲಿ ಮೈಕು ಹಿಡಿದು ಕೂರುವುದು ಇವಳು. ನಾಳೆ ಕರೆಂಟಿಲ್ಲ, ಮಕ್ಕಳಿಗೆ ಲಸಿಕೆ ಹಾಕಿಸಿ, ಸೇತುವೆ ಮೇಲೆ ಲಾರಿ ಬಿಡುವುದಿಲ್ಲ: ಅವಳ ಬಾಯಲ್ಲಿ ಕೇಳಿದ ಮೇಲೇ ಜನಕ್ಕೆ ಖಾತ್ರಿ. ಏನು ಕೆಲಸ ಎಂದವರಿಗೆ, “ಪ್ರಚಾರ” ಎಂದು ಬೀಗುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಊರಿಗೆ ವಾಂತಿಭೇದಿ ಬಂತು. ನೀರಿನ ಕಚೇರಿಯ ಸಾಹೇಬರು ಅವಳನ್ನು ಕರೆಸಿ, ಇಟ್ಟಿಗೆ ಗೂಡಿಗೆ ದುಡಿಯಲು ಬಂದ ಪರಸ್ಥಳದವರೇ ರೋಗ ತಂದಿದ್ದಾರೆ, ಅವರನ್ನು ಹತ್ತಿರ ಸೇರಿಸಬೇಡಿ ಎಂದು ಬೀದಿಬೀದಿಯಲ್ಲಿ ಸಾರಲು ಹೇಳಿದರು.

“ಅವರಿಂದಲೇ ಬಂತು ಅಂತ ಡಾಕ್ಟ್ರು ಹೇಳಿದ್ರಾ ಸಾರ್?”

“ಅದೆಲ್ಲ ನಿನಗ್ಯಾಕಮ್ಮ? ಹೇಳಿದ್ದೇ ಹೇಳ್ತಾ ಇರು, ಜನ ನಂಬ್ತಾರೆ. ಪ್ರಚಾರ ತಾನೆ ನಿನ್ನ ಕೆಲಸ?”

ಆ ಮಾತು ಅವಳಿಗೆ ಚುರುಕ್ಕೆಂದಿತು.

“ಇದು ಅಪಪ್ರಚಾರ ಸಾರ್. ಇದಕ್ಕೆ ನನ್ನ ಬಾಯಿ ಏಳಲ್ಲ.”

“ಪ್ರಚಾರವೋ, ಅಪಪ್ರಚಾರವೋ! ಎರಡಕ್ಷರದಲ್ಲಿ ಏನಿದೆ?”

“ಅಷ್ಟು ಜನರ ಮಾನ ಇದೆ.”

ಮೈಕು ಕಚೇರಿಯದು, ಅಲ್ಲೇ ಇಟ್ಟು ಬಂದಳು. ಭಾವ ತಲೆ ಚಚ್ಚಿಕೊಂಡರು. “ವ್ಯಾನಲ್ಲಿ ಇನ್ನೇನು ಈರುಳ್ಳಿ ಮಾರೋಣ್ವಾ?”

“ಮೊದಲು ಆಸ್ಪತ್ರೆಗೆ ನಡೀರಿ ಭಾವ.”

ಆಸ್ಪತ್ರೆಯ ಡಾಕ್ಟರಮ್ಮ ಕೇಳಿದ ತಕ್ಷಣ ಹೇಳಿಬಿಟ್ಟರು. ಗೂಡಿನವರಲ್ಲಿ ಒಬ್ಬರಿಗೂ ರೋಗವಿಲ್ಲ. ಅವರು ಕುಡಿಯುವುದು ತಮ್ಮದೇ ಬೋರ್‌ವೆಲ್ ನೀರು. ಮಲಗಿದವರೆಲ್ಲ ನಲ್ಲಿ ನೀರಿನ ಮನೆಯವರು. ಎಲ್ಲೋ ಕೊಳವೆ ಒಡೆದು ಅದಕ್ಕೆ ಚರಂಡಿ ನೀರು ಸೇರುತ್ತಿದೆ ಎಂದು ಕಚೇರಿಗೆ ಆಗಲೇ ತಿಳಿಸಿದ್ದರಂತೆ.

ಅಷ್ಟರಲ್ಲಿ ಇನ್ನೊಂದು ವ್ಯಾನು ಬೇರೊಬ್ಬನ ದನಿಯಲ್ಲಿ ಅದೇ ಸುಳ್ಳನ್ನು ಊರ ತುಂಬ ಹರಡತೊಡಗಿತ್ತು. ಗೂಡಿನ ಹೆಂಗಸರಿಗೆ ಅಂಗಡಿಯವರು ಸಾಮಾನು ಕೊಡಲಿಲ್ಲ. ಮೈಕಕ್ಕ ಸೆರಗು ಸಿಕ್ಕಿಸಿ ಬೀದಿಗಿಳಿದಳು. ಬಾಗಿಲು ಬಾಗಿಲಿಗೂ ನಿಂತು, “ರೋಗ ಇರೋದು ನಮ್ಮ ನಲ್ಲೀಲಿ. ನೀರು ಕುದಿಸಿ ಕುಡೀರಿ. ನಂಬಿಕೆ ಇಲ್ದಿದ್ರೆ ಡಾಕ್ಟರಮ್ಮನ್ನೇ ಕೇಳಿ,” ಎಂದಳು. ಕೆಲವರು ಮುಖಕ್ಕೆ ಹೊಡೆದಂತೆ ಕದ ಹಾಕಿದರು. ಒಬ್ಬ ಮುದುಕಿ, “ಗೂಡಿನವರು ನಿನಗೇನು ನೆಂಟರೇನೇ?” ಎಂದು ಕೆಣಕಿದಳು.

“ಇಲ್ಲ ಅಜ್ಜಿ, ನೀವೂ ನೆಂಟರಲ್ಲ. ನಿಮ್ಮ ಮನೆಗೂ ನಾನು ಹೇಳೋಕೆ ಬಂದಿಲ್ವಾ?”

ಮುದುಕಿ ಒಲೆಯ ಮೇಲೆ ನೀರಿಟ್ಟಳು.

ಕೇಳಿದವರು ಆಸ್ಪತ್ರೆಗೆ ಹೋದರು. ಅಲ್ಲಿಂದ ಗುಂಪಾಗಿ ಕಚೇರಿಗೆ ನುಗ್ಗಿದರು. ಸಾಹೇಬರು ಚರಂಡಿ ಅಗೆಸಲೇಬೇಕಾಯಿತು. ಒಡೆದ ಕೊಳವೆ ಎಲ್ಲರ ಕಣ್ಣೆದುರೇ ಹೊರಬಂತು. ರೋಗ ಇಳಿಯಿತು, ಅಂಗಡಿಗಳಲ್ಲಿ ಗೂಡಿನವರಿಗೆ ಮತ್ತೆ ಸಾಮಾನು ಸಿಕ್ಕಿತು, ಕ್ಷಮೆ ಮಾತ್ರ ಯಾರೂ ಕೇಳಲಿಲ್ಲ.

ಕಚೇರಿ ಅವಳನ್ನು ಮತ್ತೆ ಕರೆಯಲಿಲ್ಲ. ಭಾವ ನಿಜಕ್ಕೂ ವ್ಯಾನಿಗೆ ಈರುಳ್ಳಿ ತುಂಬಿದರು. ತಕ್ಕಡಿ ಹಿಡಿದು ಮೈಕಕ್ಕ ಪಕ್ಕದಲ್ಲೇ ನಿಂತಳು.